ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಸ್ಕೂಟರ್: ಬ್ಯಾಟರಿ ಎಷ್ಟು ಸವೆದಿದೆ ಅಂತ ತಿಳಿಯೋದು ಹೇಗೆ?

ಬೆಣ್ಣೆದೋಸೆ_17
ದಾವಣಗೆರೆಯಲ್ಲಿ 2022ರ ಮಾಡೆಲ್‌ನ ಎಲೆಕ್ಟ್ರಿಕ್ ಸ್ಕೂಟರ್ ಒಂದು ಮಾರಾಟಕ್ಕಿದೆ. 3 ಯೂನಿಟ್ ಬ್ಯಾಟರಿ, ಓಡಿರೋದು 24,000 ಕಿ.ಮೀ. ಫುಲ್ ಚಾರ್ಜ್‌ನಲ್ಲಿ ಡಿಸ್‌ಪ್ಲೇ 98 ಕಿ.ಮೀ. ತೋರಿಸುತ್ತೆ, ಹಾಗಾಗಿ ಬ್ಯಾಟರಿ ಹೊಸದರ ಹಾಗೇ ಇದೆ ಅಂತಾರೆ ಮಾರೋರು. ಪೆಟ್ರೋಲ್ ಗಾಡಿ ಆಗಿದ್ರೆ ಹೊಗೆ, ಇಂಜಿನ್ ಸದ್ದು ನೋಡಿ ಅಂದಾಜು ಮಾಡಬಹುದಿತ್ತು. ಇದರಲ್ಲಿ ಏನು ನೋಡಬೇಕು? ಒಂದು ರಾತ್ರಿ ಗಾಡಿ ಮನೆಯಲ್ಲಿ ಇಟ್ಕೊಳ್ಳೋಕೆ ಒಪ್ಪಿದ್ದಾರೆ.

ಓಮ್ಸ್_ಲಾ
ಆ 98ನ್ನು ಮರೆತುಬಿಡಿ ಸರ್. ಅದು ಹಿಂದಿನ ಕೆಲವು ಕಿ.ಮೀ. ಹೇಗೆ ಓಡಿಸಿದ್ರು ಅನ್ನೋದರ ಮೇಲೆ ಹಾಕಿದ ಲೆಕ್ಕ. ಇಕೋ ಮೋಡ್‌ನಲ್ಲಿ ನಿಧಾನಕ್ಕೆ ಹೋಗಿದ್ರೆ ಸವೆದ ಬ್ಯಾಟರಿಯೂ ದೊಡ್ಡ ನಂಬರ್ ತೋರಿಸುತ್ತೆ.

ರಾತ್ರಿ ಸಿಕ್ಕಿದ್ರೆ ಅಷ್ಟೇ ಸಾಕು. ಸಾಕೆಟ್‌ಗೆ ಸಿಕ್ಕಿಸೋ ವ್ಯಾಟ್ ಮೀಟರ್ ಒಂದು ತಗೊಳ್ಳಿ, 16 ಆಂಪಿಯರ್‌ದೇ ಇರಲಿ. ಬ್ಯಾಟರಿಯನ್ನು 20%ಗೆ ಇಳಿಸಿ, ಒಂದು ಗಂಟೆ ಆರೋಕೆ ಬಿಡಿ. ಓಡಿಸಿ ಬಂದ ಬಿಸಿಯಲ್ಲೇ ಹಾಕಿದ್ರೆ ಬಿಎಂಎಸ್ (ಬ್ಯಾಟರಿಯನ್ನು ನೋಡಿಕೊಳ್ಳೋ ಸರ್ಕ್ಯೂಟ್) ಚಾರ್ಜಿಂಗನ್ನೇ ನಿಧಾನ ಮಾಡಬಹುದು. ಆಮೇಲೆ ಚಾರ್ಜರ್ ತಾನಾಗೇ ಕಟ್ ಆಗೋವರೆಗೆ ಬಿಡಿ, 100% ಕಂಡ ತಕ್ಷಣ ಕೀಳಬೇಡಿ.

ಲೆಕ್ಕ ಹೀಗೆ: ಮೀಟರ್ 2.4 ಯೂನಿಟ್ ತೋರಿಸಿತು ಅನ್ನಿ. ಚಾರ್ಜರ್ ಬಿಸಿಯಾಗೋದ್ರಲ್ಲಿ ಸುಮಾರು 12% ಹೋಗುತ್ತೆ, ಬ್ಯಾಟರಿಗೆ ಸೇರಿದ್ದು 2.11. ತುಂಬಿಸಿದ್ದು 80% ಆದ್ದರಿಂದ 0.8ರಿಂದ ಭಾಗಿಸಿ: 2.64. ಮೂರರಲ್ಲಿ 2.64 ಅಂದ್ರೆ 88% ಉಳಿದಿದೆ. ಬ್ರೋಷರ್‌ನಲ್ಲಿ 'ಬಳಸಬಹುದಾದ' ಸಾಮರ್ಥ್ಯ ಬೇರೆ ಕೊಟ್ಟಿದ್ರೆ 3ರ ಬದಲು ಅದನ್ನೇ ಹಾಕಿ, ಇಲ್ಲಾಂದ್ರೆ ಒಳ್ಳೇ ಬ್ಯಾಟರಿಯೂ ಕೆಟ್ಟದಾಗಿ ಕಾಣುತ್ತೆ.

ಸೆಲ್_ಬ್ಯಾಲೆನ್ಸ್
ಲೆಕ್ಕ ಸರಿ, ಆದರೆ ಅದು ಒಟ್ಟು ಮೊತ್ತ ಮಾತ್ರ. ಸರಣಿಯಲ್ಲಿರೋ ಸೆಲ್‌ಗಳಲ್ಲಿ ಒಂದು ಗುಂಪು ದುರ್ಬಲವಾದ್ರೂ ಗಾಡಿ ಅಲ್ಲಿಗೇ ನಿಲ್ಲುತ್ತೆ, ಉಳಿದವುಗಳಲ್ಲಿ ಚಾರ್ಜ್ ಇದ್ರೂ. ಲಕ್ಷಣ ಕಾಣೋದು ಚಾರ್ಜ್ ಕೆಳಗಿದ್ದಾಗ. 20%ಗೆ ಇಳಿಸ್ತೀರಲ್ಲ, ಆಗಲೇ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಫ್ಲೈಓವರ್ ಹತ್ತಿಸಿ, ಪೂರ್ತಿ ಥ್ರಾಟಲ್ ಕೊಡಿ. 25 ಇದ್ದದ್ದು ಸಟ್ಟನೆ 12ಕ್ಕೆ ಜಾರಿದ್ರೆ ಅಥವಾ ವೇಗ ತಾನಾಗೇ ಕಡಿಮೆಯಾದ್ರೆ ಆ ಗಾಡಿ ಬೇಡ.

ಸರ್ವೀಸ್ ಸೆಂಟರ್‌ನಲ್ಲಿ ಸೆಲ್ ವೋಲ್ಟೇಜ್ ರಿಪೋರ್ಟ್ ಕೇಳಿ. ಲಿಥಿಯಂ ಬ್ಯಾಟರಿಯಲ್ಲಿ ಎನ್‌ಎಂಸಿ, ಎಲ್‌ಎಫ್‌ಪಿ ಅಂತ ಎರಡು ಮುಖ್ಯ ಬಗೆ. ಫುಲ್ ಚಾರ್ಜ್ ಆಗಿ ಸ್ವಲ್ಪ ಹೊತ್ತು ನಿಂತ ಎನ್‌ಎಂಸಿ ಪ್ಯಾಕ್‌ನಲ್ಲಿ ಸೆಲ್‌ಗಳ ನಡುವೆ 20-30 ಮಿಲಿವೋಲ್ಟ್ ವ್ಯತ್ಯಾಸ ಮಾಮೂಲಿ, 100 ದಾಟಿದ್ರೆ ತೊಂದರೆ. ಎಲ್‌ಎಫ್‌ಪಿ ಆದ್ರೆ ಅರ್ಧ ಚಾರ್ಜ್‌ನಲ್ಲಿ ಅಳೆದು ಪ್ರಯೋಜನವಿಲ್ಲ: ಅದರ ವೋಲ್ಟೇಜ್ ನಡುವೆ ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿರುತ್ತೆ, ವ್ಯತ್ಯಾಸ ಕಾಣೋದು ಎರಡು ತುದಿಗಳಲ್ಲೇ.

ಆರ್‌ಟಿಓ_ರಸೀದಿ
ತಯಾರಾದ ತಿಂಗಳನ್ನೂ ನೋಡಿ. 2022ರ ಬೇಸಿಗೆಯ ಬೆಂಕಿ ಪ್ರಕರಣಗಳಾದ ಮೇಲೆ ಎಐಎಸ್-156 ಬ್ಯಾಟರಿ ನಿಯಮ ಬಿಗಿಯಾಯ್ತು. ಮೊದಲ ಹಂತ 2022ರ ಡಿಸೆಂಬರ್‌ನಿಂದ, ಎರಡನೆಯದು 2023ರ ಮಾರ್ಚ್ ಕೊನೆಯಿಂದ. ಅದಕ್ಕೂ ಹಿಂದಿನ ಗಾಡಿ ಅಂದಕೂಡಲೇ ಅಪಾಯ ಅಂತಲ್ಲ, ಆದರೆ ಬೆಲೆ ಇಳಿಸೋಕೆ ನ್ಯಾಯವಾದ ಕಾರಣ. ಪಾದ ಇಡೋ ಜಾಗದ ಕೆಳಗೆ ಬ್ಯಾಟರಿ ಇದ್ರೆ ಗಾಡಿ ವಾಲಿಸಿ ತಳ ನೋಡಿ. ನಮ್ಮ ಹಂಪ್‌ಗಳು ಬಿಡ್ತಾವಾ! ಕವಚ ನಜ್ಜಿದ್ರೆ, ಸೀಲ್ ಬಿಚ್ಚಿದ ಗುರುತಿದ್ರೆ ವಾರಂಟಿ ಕೇಳೋಕೂ ಆಗಲ್ಲ.

ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸೋಕೆ ಫಾರಂ 29, 30 ಮಾಮೂಲಿ. ಜೊತೆಗೆ ಆ್ಯಪ್ ಖಾತೆ ನಿಮ್ಮ ಹೆಸರಿಗೆ ಬರಬೇಕು, ಇಲ್ಲದಿದ್ರೆ ಲಾಕ್, ಲೊಕೇಶನ್ ಎಲ್ಲ ಹಳೇ ಮಾಲೀಕರ ಫೋನ್‌ನಲ್ಲೇ ಉಳಿಯುತ್ತೆ. ವಾರಂಟಿ ಎರಡನೇ ಮಾಲೀಕರಿಗೆ ಸಿಗುತ್ತಾ ಅಂತ ಕಂಪನಿಯಿಂದ ಬರಹದಲ್ಲಿ ತಗೊಳ್ಳಿ.

ಬೆಣ್ಣೆದೋಸೆ_17
ಎಲ್ಲರಿಗೂ ಥ್ಯಾಂಕ್ಸ್. 20ರಿಂದ 100ಕ್ಕೆ 2.1 ಯೂನಿಟ್ ತಗೊಂಡಿತು. ಚಾರ್ಜರ್ ತಾನೇ ಕಟ್ ಆಯ್ತು. ಫ್ಲೈಓವರ್‌ನಲ್ಲಿ ತೊಂದರೆ ಕಾಣಲಿಲ್ಲ.

ಓಮ್ಸ್_ಲಾ
2.1ರಲ್ಲಿ ಬ್ಯಾಟರಿಗೆ ಸೇರಿದ್ದು 1.85, ಅಂದ್ರೆ ಒಟ್ಟು 2.31. 77% ಉಳಿದಿದೆ. ಕಿ.ಮೀ.ಗೆ 32 ವ್ಯಾಟ್ ಅವರ್ (ಒಂದು ಯೂನಿಟ್ ಅಂದ್ರೆ 1000 ವ್ಯಾಟ್ ಅವರ್) ಹಿಡಿದ್ರೆ ಊರೊಳಗೆ 70ರ ಆಸುಪಾಸು, ಇಬ್ಬರು ಕೂತ್ರೆ 60. 98 ಅಲ್ಲವೇ ಅಲ್ಲ. ಇನ್ನೊಂದು ವಿಷಯ: ಹಲವು ವಾರಂಟಿಗಳು 70%ಗಿಂತ ಕೆಳಗಿಳಿದ್ರೆ ಮಾತ್ರ ಅನ್ವಯಿಸುತ್ತವೆ, ಹಾಗಾಗಿ ಈಗ ಕ್ಲೇಮ್ ಸಿಗಲ್ಲ. ದಿನಕ್ಕೆ 30 ಕಿ.ಮೀ. ಓಡಾಟ ಅಷ್ಟೇ ಅಂದ್ರೆ ತಗೊಳ್ಳಬಹುದು. ಹೊಸ ಬ್ಯಾಟರಿಯ ಬೆಲೆ ಶೋರೂಂನಲ್ಲಿ ಕೇಳಿ, ಅದರಲ್ಲಿ ಅರ್ಧವನ್ನಾದ್ರೂ ಈ ಗಾಡಿಯ ರೇಟಿನಿಂದ ಕಡಿಸಿ.