ರೇಸ್, ಕಲರ್, ಕಾಸ್ಟ್: ಮೂರೂ ಕನ್ನಡದಲ್ಲಿ ‘ಜಾತಿ’ ಎಂದೇ ಕೇಳಿಸಿದರೆ?

ಸಿಯಾಟಲ್ ನಗರದ ಬಾಡಿಗೆದಾರರ ಹಕ್ಕುಗಳ ಬಗ್ಗೆ ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಒಂದು ವಾಕ್ಯದಲ್ಲಿ ಗಾಡಿ ನಿಂತಿದೆ. ಮನೆ ಬಾಡಿಗೆಗೆ ಕೊಡುವಾಗ, ಕೆಲಸಕ್ಕೆ ಸೇರಿಸಿಕೊಳ್ಳುವಾಗ, ಅಂಗಡಿ ಹೋಟೆಲುಗಳಲ್ಲಿ ಯಾರ ರೇಸ್, ಕಲರ್, ಆನ್ಸೆಸ್ಟ್ರಿ, ನ್ಯಾಷನಲ್ ಒರಿಜಿನ್, ಕಾಸ್ಟ್ ನೋಡಿಯೂ ಭೇದ ಮಾಡಕೂಡದು ಎಂಬುದು ಆ ವಾಕ್ಯ. ಕೊನೆಯ ಪದ ಈ ಪಟ್ಟಿಗೆ ಹೊಸದು. ಆಗಿನ ನಗರಸಭಾ ಸದಸ್ಯೆ ಕ್ಷಮಾ ಸಾವಂತ್ ಮಂಡಿಸಿದ ಪ್ರಸ್ತಾವವನ್ನು ನಗರಸಭೆ 2023ರ ಫೆಬ್ರುವರಿ 21ರಂದು 6-1 ಮತಗಳಿಂದ ಒಪ್ಪಿತು. ಜಾತಿ ತಾರತಮ್ಯವನ್ನು ಹೆಸರಿಟ್ಟು ನಿಷೇಧಿಸಿದ ಅಮೆರಿಕದ ಮೊದಲ ನಗರ ಅದು.

ನಿಘಂಟು ಹಿಡಿದು ಬರೆದರೆ ‘ಜನಾಂಗ, ವರ್ಣ, ವಂಶ, ಮೂಲದೇಶ, ಜಾತಿ’ ಎಂದಾಗುತ್ತದೆ. ಕರಡು ಓದಿದವರೊಬ್ಬರು “ಜಾತಿಯನ್ನೇ ನಾಲ್ಕು ಸಲ ಬರೆದಿದ್ದೀರಲ್ಲ, ಒಂದು ಸಲ ಸಾಲದೇ?” ಎಂದರು. ಅವರ ಮಾತು ತಪ್ಪೇನಲ್ಲ.

‘ಜನಾಂಗ’ವನ್ನೇ ತೆಗೆದುಕೊಳ್ಳಿ. ‘ಕುರುಬ ಜನಾಂಗ’, ‘ನಮ್ಮ ಜನಾಂಗದ ಹುಡುಗ’ ಎನ್ನುವಾಗ ಅದು ಜಾತಿ. ‘ಮುಂದಿನ ಜನಾಂಗ’ ಎನ್ನುವಾಗ ಪೀಳಿಗೆ. ವಿಚಿತ್ರವೆಂದರೆ, ಅದೇ ಪದ ‘ಜನಾಂಗೀಯ’ ಆದ ಕೂಡಲೇ ಅರ್ಥ ಸ್ವಚ್ಛವಾಗುತ್ತದೆ. 2021ರ ಜನವರಿಯಲ್ಲಿ ಸಿಡ್ನಿ ಟೆಸ್ಟ್ ವೇಳೆ ಸಿರಾಜ್ ಮತ್ತು ಬೂಮ್ರಾ ಪ್ರೇಕ್ಷಕರ ಬಗ್ಗೆ ದೂರು ಕೊಟ್ಟಾಗ ಪತ್ರಿಕೆಗಳು ‘ಜನಾಂಗೀಯ ನಿಂದನೆ’ ಎಂದು ಬರೆದವು; ಅದನ್ನು ಜಾತಿ ನಿಂದನೆ ಎಂದು ಯಾರೂ ಓದಲಿಲ್ಲ. ಹಾಗಾಗಿ ‘ಜನಾಂಗೀಯ ನ್ಯಾಯ’, ‘ಜನಾಂಗೀಯ ತಾರತಮ್ಯ’ ನಡೆಯುತ್ತವೆ. ಪಟ್ಟಿಯಲ್ಲಿ ಬರಿಯ ನಾಮಪದವೇ ಬೇಕಾದಾಗ ಮಾತ್ರ ತೊಡಕು. ಹಿಂದಿಯ ಸಂವಿಧಾನ ಪಠ್ಯ 15ನೇ ವಿಧಿಯಲ್ಲಿ ‘ಮೂಲವಂಶ’ ಎಂದು ಬಳಸಿ ಪಾರಾಗಿದೆ. ನಮ್ಮಲ್ಲಿ ಅದು ಕಚೇರಿಯ ಕಾಗದದ ಪದವಾಗಿ ಉಳಿದೀತೇ ಹೊರತು ಬಾಡಿಗೆ ಮನೆ ಹುಡುಕುವವನ ಬಾಯಲ್ಲಿ ನಿಲ್ಲದು. ಆದರೂ ಸದ್ಯಕ್ಕೆ ನನ್ನ ಒಲವು ಅದರ ಕಡೆಗೇ.

‘ವರ್ಣ’ವನ್ನು ಕೈಬಿಟ್ಟಿದ್ದೇನೆ. ದಕ್ಷಿಣ ಆಫ್ರಿಕದ ನೆಪದಲ್ಲಿ ‘ವರ್ಣಭೇದ ನೀತಿ’ ಕನ್ನಡದಲ್ಲಿ ಬೇರೂರಿದೆ, ಅದನ್ನು ಅಲುಗಾಡಿಸುವ ಉದ್ದೇಶವಿಲ್ಲ. ಆದರೆ ಜಾತಿಯೂ ಇರುವ ವಾಕ್ಯದಲ್ಲಿ ‘ವರ್ಣ’ ಬಂದರೆ ಓದುಗನ ಮನಸ್ಸು ನೇರ ಚಾತುರ್ವರ್ಣ್ಯಕ್ಕೆ ಹಾರುತ್ತದೆ. ‘ಮೈಬಣ್ಣ’ ಎಂದರೆ ಸಾಕು. ಇದೇ ಕಾರಣಕ್ಕೆ ‘ಕಪ್ಪುವರ್ಣೀಯರು’ ಕೂಡ ಬೇಡವೆನಿಸಿ ‘ಕಪ್ಪು ಜನರು’ ಎಂದು ಬರೆಯುತ್ತಿದ್ದೇನೆ. ‘ಕರಿಯರು’ ಅಚ್ಚಗನ್ನಡ, ಕರಿಯಪ್ಪ ಕರಿಯಮ್ಮರ ನಾಡು ನಮ್ಮದು, ನಿಜ. ಆದರೆ ಎದುರಿಗಿರುವ ಆಫ್ರಿಕನ್ ಅಮೆರಿಕನ್ನನನ್ನು ಕುರಿತು ಅದನ್ನು ಹೇಳುವಾಗ ನಮ್ಮವರ ದನಿಯಲ್ಲಿ ಏನಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಆನ್ಸೆಸ್ಟ್ರಿಗೆ ‘ಹಿರೀಕರ ಮೂಲ’ ಸರಿ ಹೋದೀತು. ಇನ್ನು ಕಾನೂನು ಜಾತಿಗೆ ಕೊಡುವ ವಿವರಣೆಯಲ್ಲಿ ಹುಟ್ಟಿನಿಂದ ಬರುವ ಅಂತಸ್ತು, ಎಂಡೋಗಮಿ, ರೂಢಿಯೋ ಕಾಯ್ದೆಯೋ ಧರ್ಮವೋ ಒಪ್ಪಿದ ಸಾಮಾಜಿಕ ಅಡ್ಡಗೋಡೆಗಳು ಬರುತ್ತವೆ. ಎಂಡೋಗಮಿಗೆ ಸಮಾಜಶಾಸ್ತ್ರದ ಪುಸ್ತಕದಿಂದ ಭಾರದ ಪದ ತರಬೇಕಾಗಿಲ್ಲ. ‘ತಮ್ಮತಮ್ಮೊಳಗೇ ಹೆಣ್ಣು ಕೊಟ್ಟು ತರುವುದು’ ಎಂದರೆ ಮುಗಿಯಿತು. ಇಡೀ ಕರಪತ್ರದಲ್ಲಿ ಕನ್ನಡ ತಾನೇ ಓಡಿಬಂದ ಜಾಗ ಅದೊಂದೇ.

ನಿಜವಾದ ಜಿಗುಟು ಇರುವುದು ಕಮ್ಯುನಿಟಿಯಲ್ಲಿ. ಕರಪತ್ರದ ಎರಡನೇ ಪುಟ ಕಪ್ಪು ಜನರೇ ಹೆಚ್ಚಾಗಿ ನೆಲೆಸಿದ್ದ ಸೆಂಟ್ರಲ್ ಡಿಸ್ಟ್ರಿಕ್ಟ್ ಎಂಬ ಬಡಾವಣೆಯ ಕಥೆ. ನಗರದ ಬೇರೆಡೆಯ ಮನೆಗಳ ಕ್ರಯಪತ್ರಗಳಲ್ಲೇ ‘ಬಿಳಿಯರಲ್ಲದವರು ಇಲ್ಲಿ ವಾಸಿಸಕೂಡದು’ ಎಂಬ ಷರತ್ತು ಇರುತ್ತಿತ್ತು. ಹಲವು ಪತ್ರಗಳಲ್ಲಿ ಅದರ ಬೆನ್ನಿಗೇ ಒಂದು ವಿನಾಯಿತಿ: ಮನೆಗೆಲಸದ ಆಳಾಗಿದ್ದರೆ ಇರಬಹುದು! ಹಿತ್ತಿಲ ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುವ ಈ ಏರ್ಪಾಡನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1930ರ ದಶಕದಲ್ಲಿ ಸಾಲದ ಅಪಾಯ ತೋರಿಸುವ ಸರ್ಕಾರಿ ನಕಾಶೆಗಳು ಬಂದವು. ಕಪ್ಪು ಜನರಿದ್ದ ಬೀದಿಗಳಿಗೆ ಕೆಂಪು ಬಳಿಯಲಾಯಿತು. ಮನೆಸಾಲ ಹುಟ್ಟುವುದು ಕಷ್ಟವಾಯಿತು. ಅಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲೇ ಹೇಳಿದರೂ, ಮನೆ ಕೊಡುವಾಗ ಜನಾಂಗೀಯ ಭೇದ ಮಾಡಕೂಡದೆಂಬ ಮುಕ್ತ ವಸತಿ ಕಾನೂನನ್ನು ಸಿಯಾಟಲ್ಲಿನ ಮತದಾರರು 1964ರಲ್ಲಿ ತಿರಸ್ಕರಿಸಿದರು. ನಗರಸಭೆ ಅದನ್ನು ಪಾಸು ಮಾಡಿದ್ದು 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮೇಲೆ. ಅದೇ ವರ್ಷ ಅಲ್ಲಿ ಕಪ್ಪು ಜನರ ಹೋರಾಟದ ಪಕ್ಷವಾದ ಬ್ಲ್ಯಾಕ್ ಪ್ಯಾಂಥರ್‌ನ ಶಾಖೆ ಹುಟ್ಟಿತು. ಮುಂದೆ ಮಕ್ಕಳಿಗೆ ಬೆಳಗಿನ ತಿಂಡಿ, ಉಚಿತ ಚಿಕಿತ್ಸಾಲಯ ನಡೆಸಿತು.

ಇದನ್ನೆಲ್ಲ ‘ಸಮುದಾಯ ಸಂಘಟನೆ’ ಎಂದು ಬರೆದರೆ ನಮ್ಮ ಓದುಗನಿಗೆ ಕಾಣುವುದು ಜಾತಿ ಸಂಘ, ಅದರ ಹಾಸ್ಟೆಲು, ಅದರ ಸಮುದಾಯ ಭವನ. ‘ಯಾವ ಸಮುದಾಯದವರು ತಾವು?’ ಎಂದು ಕೇಳುವವನಿಗೆ ಬೇಕಿರುವುದು ಜಾತಿಯ ಹೆಸರೇ. ಹಾಗೆ ಕೇಳಲು ನಾಚಿಕೆ, ಅಷ್ಟೇ. ‘ನೆರೆಹೊರೆ’ ಸೌಮ್ಯವಾಯಿತು, ಅದರಲ್ಲಿ ಹೋರಾಟದ ಬಿಸಿಯಿಲ್ಲ.

ನನಗೆ ಹೊಳೆದದ್ದು ‘ಕೇರಿ’. ‘ಕೇರಿಯವರ ಸಂಘಟನೆ’, ‘ಕೇರಿ ಉಳಿಸಿ’. ಹಳಗನ್ನಡದಿಂದಲೂ ಇರುವ ಪದ, ಮಲೆನಾಡು ಕರಾವಳಿಯ ಕೆಲವೆಡೆ ಇವತ್ತಿಗೂ ಯಾರ ಬೀದಿಗಾದರೂ ಕೇರಿ ಎನ್ನುತ್ತಾರೆ. ಬಯಲುಸೀಮೆಯಲ್ಲಿ ಹಾಗಲ್ಲ, ‘ಊರು-ಕೇರಿ’ ಎಂದ ಕೂಡಲೇ ನಡುವೆ ಒಂದು ಗೆರೆ ಬೀಳುತ್ತದೆ. ಕಾನೂನು, ಸಾಲ, ಷರತ್ತು ಸೇರಿ ಒಂದು ಜನವನ್ನು ಒಂದೆಡೆ ಕೂಡಿಹಾಕಿದ ಜಾಗಕ್ಕೆ ಇದಕ್ಕಿಂತ ಕರಾರುವಾಕ್ಕಾದ ಪದ ನನಗೆ ತೋಚುತ್ತಿಲ್ಲ. ಅಳುಕು ಇರುವುದೂ ಅಲ್ಲಿಯೇ. ಕೇರಿಯಲ್ಲಿ ಹುಟ್ಟಿ ಬೆಳೆದವರು ಇದನ್ನು ತಮ್ಮ ಅನುಭವದ ಪದವನ್ನು ಎರವಲು ಕೊಂಡೊಯ್ದಂತೆ ಎಂದುಕೊಳ್ಳುತ್ತಾರೋ, ಅಥವಾ ಸರಿಯಾಗಿ ಹೇಳಿದೆ ಎನ್ನುತ್ತಾರೋ? ಈ ಪ್ರಶ್ನೆಗೆ ಅವರ ಉತ್ತರವೇ ನನಗೆ ಮುಖ್ಯ.

ಮೇಲೆ ಹೇಳಿದಂತೆ ನಕಾಶೆಯಲ್ಲಿ ಕೆಂಪು ಬಳಿದು ಸಾಲ ತಪ್ಪಿಸುವ ರೆಡ್‌ಲೈನಿಂಗ್ ಅನ್ನು ‘ಕೆಂಪು ಗೆರೆ ಎಳೆಯುವುದು’ ಎಂದರೆ ಆಗದು. ಈಗಿನ ಸುದ್ದಿಕನ್ನಡದಲ್ಲಿ ಕೆಂಪು ಗೆರೆ ಎಂದರೆ ದಾಟಬಾರದ ಮಿತಿ. ‘ಕೆಂಪು ನಕಾಶೆ’ ಎಂದು ಬರೆದು ಒಮ್ಮೆ ವಿವರಿಸಿದ್ದೇನೆ.

ಡಿಸ್‌ಪ್ಲೇಸ್‌ಮೆಂಟಿಗೆ ‘ಸ್ಥಳಾಂತರ’ ಸಪ್ಪೆ, ಕಚೇರಿಯನ್ನೂ ಸ್ಥಳಾಂತರ ಮಾಡುತ್ತಾರೆ. ‘ಒಕ್ಕಲೆಬ್ಬಿಸು’ ಇದೆಯಲ್ಲ! 1970ರಲ್ಲಿ ಸೆಂಟ್ರಲ್ ಡಿಸ್ಟ್ರಿಕ್ಟಿನ ನಿವಾಸಿಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಕಪ್ಪು ಜನರು, ಈಗ 20ಕ್ಕೂ ಕಡಿಮೆ. ಯಾರೂ ಬಂದು ಪಾತ್ರೆಪಗಡೆ ಹೊರಗೆಸೆಯಲಿಲ್ಲ ಎಂದು ಆಕ್ಷೇಪಿಸಬಹುದು. ಬಾಡಿಗೆ ಏರಿತು, ಮನೆಯ ತೆರಿಗೆ ಏರಿತು, ಜನ ಹೋದರು. ನನ್ನ ಮಟ್ಟಿಗೆ ಒಕ್ಕಲು ಎದ್ದಿತು ಎಂದರೆ ಎಬ್ಬಿಸಿದವರು ಇದ್ದೇ ಇರುತ್ತಾರೆ. ಪದವನ್ನು ಉಳಿಸಿಕೊಳ್ಳುತ್ತೇನೆ.

ಕೊನೆಯದು ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್. ಆ ಬಡಾವಣೆಯಲ್ಲಿ ಆಫ್ರಿಕಾಟೌನ್ ಹೆಸರಿನದೊಂದು ಇದೆ. ಇಂಥ ಟ್ರಸ್ಟುಗಳಲ್ಲಿ ಸಾಮಾನ್ಯವಾಗಿ ನೆಲ ಟ್ರಸ್ಟಿನದು, ಅದನ್ನು ಮಾರುವಂತಿಲ್ಲ; ಮೇಲಿನ ಮನೆ ಮಾತ್ರ ಕುಟುಂಬದ್ದು, ನೆಲಕ್ಕೆ ಬಹುತೇಕ 99 ವರ್ಷದ ಗೇಣಿ. ‘ಭೂದತ್ತಿ’ ಎಂದರೆ ದೇವಸ್ಥಾನದ ವಾಸನೆ. ದಕ್ಷಿಣ ಕನ್ನಡದ ‘ಮೂಲಗೇಣಿ’ ಈ ವ್ಯವಸ್ಥೆಗೆ ಹತ್ತಿರ ಬರುತ್ತದೆ, ಎಬ್ಬಿಸಲಾಗದ ಗೇಣಿ ಎಂಬ ಅರ್ಥದಲ್ಲಿ. ಆದರೆ ಅಲ್ಲಿ ಎದುರಿಗಿದ್ದವನು ಧಣಿ, ಇಲ್ಲಿರುವುದು ನಿವಾಸಿಗಳೂ ಸೇರಿ ನಡೆಸುವ ಟ್ರಸ್ಟ್. ಮಂಗಳೂರು, ಉಡುಪಿ ಕಡೆಯವರು ಹೇಳಿ: ‘ಮೂಲಗೇಣಿ ಮನೆ’ ಎಂದು ಓದಿದರೆ ಭದ್ರತೆ ಕಾಣುತ್ತದೆಯೇ, ಧಣಿ ಕಾಣುತ್ತಾನೆಯೇ? ಬಳ್ಳಾರಿ, ರಾಯಚೂರಿನವರಿಗೆ ಇದಕ್ಕೆ ಬೇರೆ ಮಾತು ಇದ್ದರೆ ಅದೂ ಬೇಕು.