ಓಹೋಸ್ ದೆಲ್ ಸಲಾಡೊ: ಜೀಪಿನಲ್ಲೇ 5,200 ಮೀಟರ್ ತನಕ ಹೋಗಿ ಬರಬಹುದಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ, ಈಗ ಕೆಲಸದ ಮೇಲೆ ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿದ್ದೇನೆ. ಜನವರಿಯಲ್ಲಿ ಒಂದು ವಾರ ರಜೆ ಇದೆ. ಚಿಲಿ-ಅರ್ಜೆಂಟೀನಾ ಗಡಿಯಲ್ಲಿರುವ ಓಹೋಸ್ ದೆಲ್ ಸಲಾಡೊ ನೋಡಬೇಕು ಅಂತ ತುಂಬಾ ಆಸೆ. 6,893 ಮೀಟರ್, ಜಗತ್ತಿನಲ್ಲೇ ಅತಿ ಎತ್ತರದ ಜ್ವಾಲಾಮುಖಿ. ತುದಿ ಹತ್ತುವ ಯೋಚನೆ ಇಲ್ಲ. ಚಿಲಿಯ ಕೊಪಿಯಾಪೊ ಊರಿನಲ್ಲಿ ಫೋರ್ ವೀಲ್ ಡ್ರೈವ್ ಬಾಡಿಗೆಗೆ ತಗೊಂಡು ಮಾರನೇ ದಿನ ಲಗೂನಾ ವೆರ್ದೆ ಸರೋವರ, ಅದರ ಮಾರನೇ ದಿನ 5,200 ಮೀಟರಿನ ಅಟಕಾಮಾ ತಂಗುದಾಣ, ರಾತ್ರಿ ಅಲ್ಲೇ ಮಲಗಿ ವಾಪಸ್. ಹೆಂಡತಿಯೂ ಬರುತ್ತಾಳೆ. ಇಬ್ಬರೂ ಕುಮಾರಪರ್ವತ, ಕುದುರೆಮುಖ ಹತ್ತಿದ್ದೇವೆ, ಕೇದಾರಕಂಠಕ್ಕೂ ಹೋಗಿದ್ದೇವೆ. ಇಲ್ಲಿ ನಡೆಯೋದೇ ಇಲ್ಲ, ಪೂರ್ತಿ ಗಾಡಿಯಲ್ಲೇ. ಹಾಗಾಗಿ ಎತ್ತರದ ತೊಂದರೆ ಜಾಸ್ತಿ ಆಗಲ್ಲ ಅಲ್ವಾ?

ಚಾರಣಪ್ರಿಯ:
ದಯವಿಟ್ಟು ಈ ಯೋಜನೆ ಬಿಡಿ. ಗಾಡಿಯಲ್ಲಿ ಹೋಗುವುದೇ ಇಲ್ಲಿ ದೊಡ್ಡ ಅಪಾಯ. ನಡೆದು ಹೋಗುವವರು ಸುಸ್ತಾಗಿ ನಿಧಾನವಾಗುತ್ತಾರೆ, ಅಷ್ಟರಲ್ಲಿ ದೇಹ ಸ್ವಲ್ಪ ಹೊಂದಿಕೊಂಡಿರುತ್ತದೆ. ಗಾಡಿಗೆ ಸುಸ್ತು ಅನ್ನೋದಿಲ್ಲ. ಕೊಪಿಯಾಪೊ ಇರೋದು 400 ಮೀಟರ್ ಹತ್ತಿರ, ಲಗೂನಾ ವೆರ್ದೆ ಸುಮಾರು 4,300. ಒಂದೇ ಹಗಲಿನಲ್ಲಿ ಅಷ್ಟು ಮೇಲೆ ಹೋಗಿ ರಾತ್ರಿ ಮಲಗಿದರೆ ಬೆಳಗ್ಗೆ ತಲೆನೋವು, ವಾಂತಿ ಬಂದೇ ಬರುತ್ತೆ ಅಂದುಕೊಳ್ಳಿ, ಆ ಸ್ಥಿತಿಯಲ್ಲಿ ಇನ್ನೂ 900 ಮೀಟರ್ ಮೇಲೆ ಹೋಗುತ್ತೀರಿ, ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಆಸ್ಪತ್ರೆ ಇರೋದು ಮತ್ತೆ ಕೊಪಿಯಾಪೊದಲ್ಲಿ, ಮರಳು ಕಲ್ಲಿನ ದಾರಿಯಲ್ಲಿ ಗಾಡಿ ಓಡಿಸಬೇಕಾದವರಿಗೇ ತಲೆ ತಿರುಗುತ್ತಿದ್ದರೆ ಏನು ಮಾಡುತ್ತೀರಿ?

ಕೇದಾರಕಂಠ ಒಳ್ಳೆಯ ಚಾರಣ, ಇಲ್ಲ ಅನ್ನಲ್ಲ. ಆದರೆ ಅದರ ತುದಿಯೇ 3,800 ಮೀಟರ್ ಆಸುಪಾಸು. ನೀವು ಮೊದಲನೇ ರಾತ್ರಿಯೇ ಅದಕ್ಕಿಂತ ಮೇಲೆ ಮಲಗುವ ಮಾತಾಡುತ್ತಿದ್ದೀರಿ.

ಇನ್ನೊಂದು ವಿಷಯ. ಫ್ಯೂಜಿಯಂಥ ಚೂಪಾದ ಶಂಕು ಕಾಣುತ್ತದೆ ಅಂದುಕೊಂಡಿದ್ದರೆ ಅದು ಹಾಗಿಲ್ಲ. ಹಲವು ಜ್ವಾಲಾಮುಖಿ ಬಾಯಿಗಳು ಸೇರಿ ಬೆಳೆದ ಅಗಲವಾದ ಕಂದು ಗುಡ್ಡ ಅದು. ಗಾಳಿ ಎಷ್ಟು ಒಣ ಅಂದರೆ ಅಷ್ಟು ಎತ್ತರದಲ್ಲೂ ಹಿಮ ಕಮ್ಮಿ. ನನಗೆ ಅಲ್ಲಿ ಅತಿ ಇಷ್ಟವಾಗಿದ್ದು ಆ ಬರಿದಾದ ಬಣ್ಣಗಳೇ. ಹುಲ್ಲಿಲ್ಲ, ಮರವಿಲ್ಲ, ಕೆಂಪು, ಹಳದಿ, ಬೂದಿ ಬಣ್ಣದ ನೆಲ, ನಡುವೆ ದಿಢೀರನೆ ಹಸಿರು ನೀರಿನ ಲಗೂನಾ ವೆರ್ದೆ. ಅದರ ದಡದಲ್ಲಿ ಬಿಸಿನೀರಿನ ಬುಗ್ಗೆಗಳೂ ಇವೆ. ಇದನ್ನು ತಲೆನೋವಿನಲ್ಲಿ ಕಣ್ಣು ಮುಚ್ಚಿಕೊಂಡು ಕಳೆಯಬೇಡಿ ಅಂತಲೇ ಇಷ್ಟು ಹೇಳುತ್ತಿರೋದು.

ವೈದ್ಯೆ_ಹಾಸನ:
ಮೇಲಿನವರು ಹೇಳಿದ್ದು ಸರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಇರಬೇಕು. 5,200 ಮೀಟರಿನಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಶ್ವಾಸಕೋಶದಲ್ಲಿ ಅಥವಾ ಮೆದುಳಿನಲ್ಲಿ ನೀರು ತುಂಬಿಕೊಂಡರೆ ಪ್ರಾಣಕ್ಕೇ ಕುತ್ತು. ಸುಮ್ನೆ ಕೂತಿದ್ದಾಗಲೂ ಏದುಸಿರು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯಾದರೂ ಕೆಳಗೆ ಇಳಿಯಿರಿ. ದೇಹ ಎತ್ತರಕ್ಕೆ ಹೊಂದಿಕೊಳ್ಳಲು ಡೈಮಾಕ್ಸ್ ಮಾತ್ರೆ ಸಹಾಯ ಮಾಡುತ್ತದೆ, ನಿಮ್ಮ ವೈದ್ಯರನ್ನು ಕೇಳಿ ತಗೊಳ್ಳಿ. ಆದರೆ ಮಾತ್ರೆ ಇದೆ ಅಂತ ದಿನ ಕಡಿಮೆ ಮಾಡಬೇಡಿ. ಜಿಮ್‌ಗೆ ಹೋಗುವವರು, ಓಡುವವರು ನಮಗೇನೂ ಆಗಲ್ಲ ಅಂತಾರೆ. ಫಿಟ್ ಆಗಿದ್ದವರಿಗೂ ಇದು ಹಾಗೇ ಬರುತ್ತದೆ.

ಗಿರಿಧಾಮ77:
ನಾನು ಸ್ವಲ್ಪ ಬೇರೆ ಥರ ಹೇಳುತ್ತೇನೆ. ಆಸೆ ಬಿಡಬೇಡಿ, ರಜೆ ಜಾಸ್ತಿ ಮಾಡಿಕೊಳ್ಳಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಸತ್ಯರೂಪ್ ಸಿದ್ಧಾಂತ ಏಳು ಖಂಡಗಳ ಎತ್ತರದ ಜ್ವಾಲಾಮುಖಿಗಳನ್ನೆಲ್ಲ ಹತ್ತಿ 2019ರ ಜನವರಿಯಲ್ಲಿ ಮುಗಿಸಿದರಲ್ಲ, ಅದರಲ್ಲಿ ಇದೂ ಒಂದು. ಮೊದಲು ಹತ್ತಿದ್ದು 1937ರಲ್ಲಿ ಪೋಲೆಂಡಿನ ಇಬ್ಬರು. ಎರಡೂವರೆ ಮೂರು ವಾರ ಇಟ್ಟುಕೊಂಡರೆ ಅನುಭವ ಇರುವವರು ಗೈಡ್ ಜೊತೆ ತುದಿಗೂ ಪ್ರಯತ್ನಿಸಬಹುದು. ಮೊದಲು ಪಕ್ಕದ ಸಾನ್ ಫ್ರಾನ್ಸಿಸ್ಕೊ ಬೆಟ್ಟ, 6,018 ಮೀಟರ್, ಅದನ್ನು ಹತ್ತಿ ಹೊಂದಿಕೊಳ್ಳುತ್ತಾರೆ. ಓಹೋಸ್‌ನಲ್ಲಿ ಪೂರ್ತಿ ನಡಿಗೆಯೇ, ಕೊನೆಗೆ ಮಾತ್ರ ಬಂಡೆ ಹತ್ತಬೇಕು, ಅಲ್ಲಿ ಹಗ್ಗ ಬೇಕಾಗುತ್ತದೆ. ವಿದೇಶಿಯರು ಚಿಲಿ ಕಡೆಯಿಂದ ಹತ್ತುವುದಾದರೆ ದಿಫ್ರೋಲ್ ಅನ್ನೋ ಗಡಿ ಇಲಾಖೆಯಿಂದ ಮೊದಲೇ ಅನುಮತಿ ತಗೋಬೇಕು.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಹೆಂಡತಿ ಇದನ್ನೆಲ್ಲ ಓದಿ 5,200 ಬೇಡವೇ ಬೇಡ ಅಂದಳು. ರಜೆ ಒಂದು ವಾರಕ್ಕಿಂತ ಹೆಚ್ಚು ಸಿಗಲ್ಲ. ಅಷ್ಟರಲ್ಲೇ ಏನು ನೋಡಬಹುದು? ಊಟ? ನಾವು ಸಸ್ಯಾಹಾರಿಗಳು.

ಚಾರಣಪ್ರಿಯ:
ಒಂದು ವಾರಕ್ಕೂ ಚೆನ್ನಾಗಿ ಆಗುತ್ತದೆ. ಮೊದಲ ರಾತ್ರಿ ಕೊಪಿಯಾಪೊ. 2010ರಲ್ಲಿ 33 ಗಣಿ ಕಾರ್ಮಿಕರನ್ನು 69 ದಿನಗಳ ನಂತರ ಮೇಲೆ ತಂದರಲ್ಲ, ಆ ಗಣಿ ಇದೇ ಊರಿನ ಹತ್ತಿರ. ಆಮೇಲೆ 3,000 ಮೀಟರ್ ಸುತ್ತಮುತ್ತ ಟೆಂಟ್ ಹಾಕಿ ಎರಡು ರಾತ್ರಿ. ನಂತರ ಲಗೂನಾ ಸಾಂತಾ ರೋಸಾ ಸರೋವರ, ಸುಮಾರು 3,700 ಮೀಟರ್, ನೆವಾದೊ ತ್ರೆಸ್ ಕ್ರೂಸೆಸ್ ರಾಷ್ಟ್ರೀಯ ಉದ್ಯಾನದ ಒಳಗೆ. ಆ ದಿನದ ಏರಿಕೆ 500 ಮೀಟರಿಗಿಂತ ಜಾಸ್ತಿ, ಅದಕ್ಕೇ ಕೆಳಗೆ ಎರಡು ರಾತ್ರಿ ಅಂದಿದ್ದು. ಫ್ಲೆಮಿಂಗೊಗಳನ್ನು ನೋಡಲಿಕ್ಕೇ ಎರಡು ರಾತ್ರಿ ಇರಿ. ಅಲ್ಲಿಂದ ಇಬ್ಬರೂ ಆರಾಮಾಗಿದ್ದರೆ ಮಾತ್ರ ಒಂದು ಹಗಲು ಲಗೂನಾ ವೆರ್ದೆಗೆ ಹೋಗಿ ಸಂಜೆಗೆ ಸಾಂತಾ ರೋಸಾಕ್ಕೇ ವಾಪಸ್ ಬಂದು ಮಲಗಿ. ಓಹೋಸ್ ಹೆದ್ದಾರಿ ಬದಿಯಿಂದಲೇ ಕಾಣುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ಜೋರು, ಹಾಗಾಗಿ ಬೇಗ ಹೊರಡಿ.

ನೀರು ಪೂರ್ತಿ ಕೊಪಿಯಾಪೊದಿಂದಲೇ ಒಯ್ಯಬೇಕು, ಲಗೂನಾ ವೆರ್ದೆಯ ನೀರು ಉಪ್ಪು. ಅಲ್ಲಿ ನೀರು 86 ಡಿಗ್ರಿ ಹತ್ತಿರವೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ ಸರಿಯಾಗಿ ಬೇಯಲ್ಲ. ಅವಲಕ್ಕಿ, ಉಪ್ಪಿಟ್ಟಿನ ಮಿಕ್ಸ್ ಇದ್ದರೆ ಸುಲಭ. ಆದರೆ ಚಿಲಿಯಲ್ಲಿ ಇಳಿದ ತಕ್ಷಣ ಕೃಷಿ ತಪಾಸಣೆಯ ಫಾರಂನಲ್ಲಿ ಎಲ್ಲಾ ಆಹಾರವನ್ನೂ ಬರೆಯಿರಿ. ಬರೆಯದೆ ಸಿಕ್ಕಿಬಿದ್ದರೆ ದಂಡ ಹಾಕುತ್ತಾರೆ. ಪೆಟ್ರೋಲ್ ಬಂಕ್ ಕೊಪಿಯಾಪೊ ಬಿಟ್ಟರೆ ಮೇಲೆ ಎಲ್ಲೂ ಇಲ್ಲ, ಕ್ಯಾನ್‌ನಲ್ಲಿ ತುಂಬಿಕೊಂಡು ಹೋಗಿ. ಸ್ಯಾಟಲೈಟ್ ಫೋನ್ ಬಾಡಿಗೆಗೆ ಸಿಕ್ಕರೆ ಇಟ್ಟುಕೊಳ್ಳಿ, ಹಾಗೇ ಯಾವ ದಿನ ವಾಪಸ್ ಬರುತ್ತೀರಿ ಅಂತ ಹೋಟೆಲಿನವರಿಗೆ ಬರೆದುಕೊಟ್ಟು ಹೊರಡಿ.