ಸಹಾಯ ಬೇಕು: ಬೈಪಾಸ್ ಆದ ಮೇಲೆ ಅಪ್ಪ ನಡೆಯುವುದಕ್ಕೇ ಹೆದರುತ್ತಿದ್ದಾರೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮುಂಬೈನ ಮಾಟುಂಗಾದಲ್ಲಿ. ಅಪ್ಪನಿಗೆ 64 ವರ್ಷ, ಮಳೆಗಾಲಕ್ಕೆ ಮುಂಚೆ ಬೈಪಾಸ್ ಆಯಿತು. ಗಾಯ ಮಾಗಿದೆ, ಎಕೋ ರಿಪೋರ್ಟೂ ಚೆನ್ನಾಗಿದೆ, ದಿನಾ ಅರ್ಧ ಗಂಟೆ ನಡೆಯಿರಿ ಅಂತ ಡಾಕ್ಟರೇ ಹೇಳಿದ್ದಾರೆ. ಆದರೆ ಅಪ್ಪನಿಗೆ ಧೈರ್ಯವೇ ಇಲ್ಲ. ಫೈವ್ ಗಾರ್ಡನ್ಸ್‌ಗೆ ಕರೆದುಕೊಂಡು ಹೋದರೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ಮಣಿಕಟ್ಟು ಒತ್ತಿ ನಾಡಿ ನೋಡಿಕೊಳ್ಳುತ್ತಾರೆ, ಉಸಿರು ಸ್ವಲ್ಪ ಜೋರಾದರೂ ಸಾಕು, "ಬೇಡಮ್ಮ, ಮನೆಗೆ ಹೋಗೋಣ" ಅಂತಾರೆ. ಯಕ್ಷಗಾನ ಎಲ್ಲಿದ್ದರೂ ಬಿಡದೆ ಹೋಗುತ್ತಿದ್ದವರು ಈಗ ಗೆಳೆಯರ ಫೋನನ್ನೂ ಎತ್ತುವುದಿಲ್ಲ. ನಿದ್ದೆಯೂ ಕಮ್ಮಿ.

ಸ್ಮಾರ್ಟ್‌ವಾಚ್ ಕೊಡಿಸಿದೆವು, ಭಯ ಇನ್ನೂ ಜಾಸ್ತಿ ಆಯಿತು. ನಿಮಿಷಕ್ಕೆ ಹೃದಯ ಬಡಿತ ಹೆಚ್ಚೆಂದರೆ ಎಷ್ಟು ಏರಬಹುದು ಅಂತ ಅಂದಾಜು ಮಾಡಲು 220ರಲ್ಲಿ ವಯಸ್ಸು ಕಳೆಯುವ ಲೆಕ್ಕ ಎಲ್ಲೋ ಓದಿ, ತನ್ನ ಬಡಿತ ಅದರ ಹತ್ತಿರವೂ ಬರಲ್ಲ, ಹೃದಯ ಸೋತಿದೆ ಅಂತ ಕೂತಿದ್ದಾರೆ. ಅಪ್ಪನ ಹಾಗೆ ಮೆಟೊಪ್ರೊಲಾಲ್ (ಹೃದಯ ಬಡಿತ ನಿಧಾನ ಮಾಡುವ ಮಾತ್ರೆ) ತೆಗೆದುಕೊಳ್ಳುವವರಿಗೆ ಬಡಿತ ಅಷ್ಟು ಏರುವುದಿಲ್ಲ, ನಡೆಯುವಾಗ ಆರಾಮಾಗಿ ಮಾತಾಡಲು ಆದರೆ ವೇಗ ಸರಿಯಿದೆ ಅಂತ ಫಿಸಿಯೋ ಬಿಡಿಸಿ ಹೇಳಿದರು. ಅಪ್ಪ ಒಪ್ಪುತ್ತಿಲ್ಲ.

ಹೃದಯದ ಕಾಯಿಲೆ ಆದ ಮೇಲೆ ಖಿನ್ನತೆ ಬರುವುದು ಸಾಮಾನ್ಯ, ವ್ಯಾಯಾಮದಿಂದ ಅದೂ ಕಮ್ಮಿ ಆಗುತ್ತದೆ ಅಂತ ಗೊತ್ತು. ಆದರೆ ಮನಸ್ಸೇ ಕುಗ್ಗಿರುವಾಗ ವ್ಯಾಯಾಮ ಶುರು ಮಾಡಿಸುವುದು ಹೇಗೆ? ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ.

ಮನೆಯಲ್ಲಿ ಇದನ್ನು ದಾಟಿದವರು ದಯವಿಟ್ಟು ಹೇಳಿ: ಮೊದಲು ಮನೋವೈದ್ಯರಿಗೆ ತೋರಿಸಿದಿರಾ, ಅಥವಾ ಇಸಿಜಿ ನೋಡುತ್ತಾ ವ್ಯಾಯಾಮ ಮಾಡಿಸುವ ಕಾರ್ಡಿಯಾಕ್ ರಿಹ್ಯಾಬ್‌ಗೆ ಸೇರಿಸಿದಿರಾ? ದಾದರ್, ಸಯಾನ್ ಕಡೆ ಕನ್ನಡದಲ್ಲಿ ಮಾತಾಡಿಸುವವರು ಯಾರಾದರೂ ಇದ್ದಾರಾ?